ಹತ್ತು ನಿಮಿಷದ ದೋಣಿ

ಮರುಳಪ್ಪನ ದೋಣಿಯ ಎಂಜಿನ್ನು ಸರಿಯಾಗಿ ಹತ್ತು ನಿಮಿಷ ಓಡುತ್ತಿತ್ತು. ಹನ್ನೊಂದನೆಯ ನಿಮಿಷಕ್ಕೆ ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಳಿಸಿ, ಭಾಷಣ ಮರೆತ ಮೇಷ್ಟರ ಹಾಗೆ ಸುಮ್ಮನಾಗುತ್ತಿತ್ತು. ಹುಣಸೇಕಟ್ಟೆಯ ಕೆರೆ ದಾಟಲು ಬೇಕಾದದ್ದು ಇಪ್ಪತ್ತೈದು ನಿಮಿಷ. ಮಿಕ್ಕ ಹದಿನೈದು ನಿಮಿಷದ ದೆಸೆಯಿಂದ ಅವನ ಹೆಂಡತಿ ಶಿವರುದ್ರಮ್ಮ ತವರಿಗೆ ಹೋಗಿ ಅವತ್ತಿಗೆ ಹದಿನೆಂಟು ದಿನವಾಗಿತ್ತು.

ತೆಂಗಿನ ತೋಟದವನಿಗೆ ದೋಣಿ ಯಾಕೆ ಎಂದು ಕೇಳುವವರು ಆ ವರ್ಷದ ಮಳೆ ನೋಡಿದವರಲ್ಲ. ಹನ್ನೊಂದು ವರ್ಷ ಹುಣಸೇಕಟ್ಟೆಯವರು ತಮ್ಮ ಕೆರೆಯನ್ನು ಕಾಲುದಾರಿಯಾಗಿಯೇ ಬಳಸಿದ್ದರು. ಒಣಗಿದ ಅಂಗಳದಲ್ಲಿ ನೆಟ್ಟಗೆ ನಡೆದು ಆಚೆ ದಡ ಹತ್ತಿದರೆ ತಿಪಟೂರಿಗೂ ಶೆಟ್ಟಿಕೆರೆಗೂ ಓಡಾಡುವ ಬಸ್ಸು ಸಿಗುತ್ತಿತ್ತು. ಆ ವರ್ಷ ಉತ್ತರೆ ಮಳೆ ಮೂರು ದಿನ ಬಿಡದೆ ಸುರಿದು ಕೆರೆ ತುಂಬಿ ಕೋಡಿ ಬಿತ್ತು. ಊರಿನವರೆಲ್ಲ ಸಂತೋಷದಿಂದ ಹೋಗಿ ಬಾಗಿನ ಬಿಟ್ಟು, ಕೈಮುಗಿದು, ಮನೆಗೆ ಬಂದು ಬೈಯತೊಡಗಿದರು. ಏಕೆಂದರೆ ಬಸ್ಸು ಹಿಡಿಯಲು ಈಗ ಕೋಡಿ ಬಳಸಿಕೊಂಡು ನಾಲ್ಕು ಮೈಲಿ ನಡೆಯಬೇಕಿತ್ತು.

ಮರುಳಪ್ಪ ಬೈಯಲಿಲ್ಲ. ತೋಟಕ್ಕೆ ಕರೆಂಟು ಪಂಪು ಬಂದ ಮೇಲೆ ಅವನ ಹಳೆಯ ಸೀಮೆಎಣ್ಣೆ ಎಂಜಿನ್ನು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮಂಚವಾಗಿತ್ತು. ಅದನ್ನು ಎತ್ತಿ ತಂದ. ನಾಲ್ಕು ಖಾಲಿ ಡ್ರಮ್ಮು ಹೊಂದಿಸಿ, ಮೇಲೆ ತೆಂಗಿನ ಮರದ ಸೀಳು ಹಾಸಿ, ನಾರಿನ ಹಗ್ಗದಲ್ಲಿ ಬಿಗಿದ. ನಡುವೆ ಎಂಜಿನ್ನು, ಹಿಂದೆ ಕುಲುಮೆಯಲ್ಲಿ ಬಡಿಸಿದ ತಗಡಿನ ರೆಕ್ಕೆ, ಎರಡಕ್ಕೂ ನಡುವೆ ಒಂದು ಬೆಲ್ಟು. ನೋಡುವುದಕ್ಕೆ ಯಾರದೋ ಮನೆಯ ಕೊಬ್ಬರಿ ಅಟ್ಟ ಪ್ರವಾಹದಲ್ಲಿ ತೇಲಿ ಬಂದ ಹಾಗಿತ್ತು. ಆದರೆ ಓಡಿತು. ಹಬ್ಬಕ್ಕೆ ಮೊದಲು ದಡದ ಪಕ್ಕದಲ್ಲೇ ಅರ್ಧ ಗಂಟೆ ಓಡಿಸಿ ನೋಡಿದಾಗ ಒಂದು ಸಲವೂ ಕೆಮ್ಮಲಿಲ್ಲ.

ಆಯುಧಪೂಜೆಯ ದಿನ ಶಿವರುದ್ರಮ್ಮ ಕುಡುಗೋಲು, ನೇಗಿಲು, ಕರೆಂಟು ಪಂಪು ಎಲ್ಲಕ್ಕೂ ಪೂಜೆ ಮಾಡಿ ಕೊನೆಗೆ ದೋಣಿಯ ಹತ್ತಿರ ಬಂದಳು. ಎಂಜಿನ್ನಿನ ಹಣೆ ಯಾವುದು ಎಂದು ಅವಳೇನೂ ಯೋಚಿಸುತ್ತ ನಿಲ್ಲಲಿಲ್ಲ. ಎಲ್ಲಕ್ಕಿಂತ ಮೇಲೆ, ದುಂಡಗೆ, ಫಳಫಳ ಹೊಳೆಯುತ್ತಿದ್ದ ಹಿತ್ತಾಳೆಯ ಟ್ಯಾಂಕಿನ ಮುಚ್ಚಳವೇ ಹಣೆ. ಅದರ ಮೇಲೆ ದಪ್ಪಗೆ ಮೂರು ಎಳೆ ವಿಭೂತಿ ಬಳಿದು, ನಡುವೆ ಕುಂಕುಮ ಒತ್ತಿದಳು.

ಮಾರನೆಯ ದಿನ ಹಾಲ್ಕುರಿಕೆಯಲ್ಲಿ ಅವಳ ತಮ್ಮ ಬಸವರಾಜುವಿನ ಮಗುವಿಗೆ ನಾಮಕರಣ. ಮಡಿಲಲ್ಲಿ ಹೋಳಿಗೆಯ ಡಬ್ಬಿ ಇಟ್ಟುಕೊಂಡು ದೋಣಿ ಹತ್ತಿದಳು. ಕೆರೆಯ ನಡುವೆ ಮುಳುಗಿ ತಲೆ ಮಾತ್ರ ಕಾಣುವ ಒಂದು ಜಾಲಿಮರವಿತ್ತು. ಅದು ಇನ್ನೂ ನಾಲ್ಕು ಮಾರು ದೂರವಿರುವಾಗ ಎಂಜಿನ್ನು ನಿಂತಿತು. ಗಳ ಊರಿ ತಳ್ಳೋಣವೆಂದರೆ ಅಲ್ಲಿ ಆಳ ಎರಡಾಳು. ಮರುಳಪ್ಪ ಎಂಜಿನ್ನು ಎಬ್ಬಿಸುವ ಹಗ್ಗ ಎಳೆದ, ಬೆವರಿದ, ಮತ್ತೆ ಎಳೆದ. ಮೂರು ಗಂಟೆ ಹೊತ್ತು ಎಳೆದ ಮೇಲೆ ಯಾರಿಗಾದರೂ ಹಸಿವಾಗುತ್ತದೆ. ಅವನಿಗೂ ಆಯಿತು. ಡಬ್ಬಿ ಕೈಗೆಟುಕುವಂತಿತ್ತು.

ಅಂತೂ ಗಾಳಿಗೆ ತೇಲಿಕೊಂಡು ಆಚೆ ದಡ ಸೇರುವ ಹೊತ್ತಿಗೆ ಮಗುವಿಗೆ ಹೆಸರಿಟ್ಟಾಗಿತ್ತು, ಡಬ್ಬಿ ಖಾಲಿಯಾಗಿತ್ತು. ಶಿವರುದ್ರಮ್ಮ ಬಸ್ಸು ಹತ್ತಿದವಳು ಹಿಂದಿರುಗಿ ನೋಡಲಿಲ್ಲ.

ಹದಿನೈದು ದಿನದ ಮೇಲೆ ಒಂದು ಕಾರ್ಡು ಬಂತು. "ಗುರುವಾರ ಎರಡು ಗಂಟೆ ಬಸ್ಸಿಗೆ ಬರುತ್ತೇನೆ. ನಾಲ್ಕು ಮೈಲಿ ನಡೆಯುವವಳಲ್ಲ. ದೋಣಿ ತರುವುದು. ನಿಲ್ಲದೆ ದಾಟಿಸಿದರೆ ಮನೆಗೆ. ಒಂದೇ ಒಂದು ಸಲ ನಿಂತರೂ ನಾಲ್ಕು ಗಂಟೆ ಬಸ್ಸಿಗೆ ವಾಪಸು. ಬಸವರಾಜು ಗಡಿಯಾರ ಕಟ್ಟಿಕೊಂಡು ದಡದಲ್ಲಿ ನಿಂತು ನೋಡುತ್ತಾನೆ. ರಾಗಿ ಹಿಟ್ಟು ಮುಗಿದಿದ್ದರೆ ಬೀಸಿಸಿ ಇಡುವುದು."

ಕೊನೆಯ ಸಾಲನ್ನು ಮರುಳಪ್ಪ ಏಳು ಸಲ ಓದಿಕೊಂಡ. ಈ ದಿನಗಳಲ್ಲಿ ಅವನು ತಾನೇ ಮುದ್ದೆ ತೊಳಸಿ ತಿಂದಿದ್ದ. ಅವನು ಕಟ್ಟಿದ ಮುದ್ದೆಯನ್ನು ಮನೆಯ ನಾಯಿ ಒಮ್ಮೆ ಮೂಸಿ, ಮರ್ಯಾದೆಯಿಂದ ಎದ್ದು ಪಕ್ಕದ ಮನೆಗೆ ಹೋಗಿತ್ತು.

ಗುರುವಾರ ಬೆಳಕು ಹರಿಯುವಾಗಲೇ ಅವನು ಕೆರೆಯ ಮೆಟ್ಟಿಲ ಹತ್ತಿರ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಮೊದಲು ಬಂದವನು ಗಿಡ್ಡಯ್ಯ.

ಗಿಡ್ಡಯ್ಯ ಹಿಂದೆ ಡೆಲ್ಲಿಗೆ ಕೊಬ್ಬರಿ ಹೊತ್ತು ಹೋಗುವ ಲಾರಿಗೆ ಕ್ಲೀನರಾಗಿದ್ದ. ಲಾರಿ ಡೆಲ್ಲಿಗೆ ಹೋಗಿ ಬಂತು. ಗಿಡ್ಡಯ್ಯ ಮನೆ ನೆನಪಾಗಿ ಹಿರಿಯೂರಿನಲ್ಲೇ ಇಳಿದು ಬಂದ. ಆದರೂ ಎಂಜಿನ್ನಿನ ವಿಷಯ ಬಂದಾಗ ಅವನು ಡೆಲ್ಲಿಯಿಂದಲೇ ಮಾತು ಶುರುಮಾಡುತ್ತಿದ್ದ.

"ಏನ್ಲಾ ಮರುಳ, ಇನ್ನೂ ನಿಲ್ತಾನೇ ಐತಾ?"

"ನಿಲ್ತಾ ಐತೆ ಕಣಪ್ಪ. ನಿಲ್ಲೋದೊಂದ್ ಬುಟ್ರೆ ಇನ್ನೇನೂ ತೊಂದ್ರೆ ಇಲ್ಲ."

"ಡೆಲ್ಲಿ ರೋಡಲ್ಲಿ ಇಂಥವು ದಿನಕ್ಕೆ ಹತ್ತು ನೋಡ್ತಿದ್ವಿ. ಸರಿ ಆಕಡೆ." ಗಿಡ್ಡಯ್ಯ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. "ಸೀಮೆಎಣ್ಣೆ ಐತೆ," ಎಂದ, ತಾನೇ ಹುಯ್ದವನ ಹಾಗೆ. ಮುಚ್ಚಳ ಬಿಗಿದ. ಆಮೇಲೆ ಪ್ಲಗ್ಗು ಬಿಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಪಾತ್ರೆ ಬೆಳಗಿದಂತೆ ಬೆಳಗಿ ಮತ್ತೆ ಕೂರಿಸಿದ. "ಎಳಿ ಈಗ."

ಮರುಳಪ್ಪ ಹಗ್ಗ ಎಳೆದ. ಎಂಜಿನ್ನು ಮೊದಲ ಎಳೆತಕ್ಕೇ ಡುಗುಡುಗು ಎಂದು ಎದ್ದಿತು.

"ಪ್ಲಗ್ಗಲ್ಲಿ ಮಸಿ ಕಣ್ಲಾ, ಬರೀ ಮಸಿ," ಎಂದು ಗಿಡ್ಡಯ್ಯ ಹೆಗಲ ಮೇಲೆ ಟವೆಲ್ ಒಗೆದುಕೊಂಡು ತಿಂಡಿಗೆ ಹೋದ. ಮೆಟ್ಟಿಲ ಮೇಲೆ ನೀರು ತುಂಬಿಕೊಳ್ಳುತ್ತಿದ್ದ ಹೆಂಗಸರಿಗೂ ಹೇಳಿಕೊಂಡೇ ಹೋದ. ಅವನು ಮನೆಯಲ್ಲಿ ಮೊದಲ ರೊಟ್ಟಿ ಮುರಿಯುವ ಹೊತ್ತಿಗೆ ಎಂಜಿನ್ನು ನಿಂತಿತು.

ಎರಡನೆಯವನು ಕೆಂಚಯ್ಯ. ಹಿಟ್ಟಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ಎಂಜಿನ್ನು ನೋಡಿಕೊಂಡವನು. ತಲೆಗೂದಲು, ಹುಬ್ಬು, ಮೀಸೆ ಎಲ್ಲ ರಾಗಿ ಹಿಟ್ಟಿನ ಬಣ್ಣಕ್ಕೆ ತಿರುಗಿದ್ದವು. ಅವನು ಗಿಡ್ಡಯ್ಯನ ಹಾಗೆ ಬಡಾಯಿ ಕೊಚ್ಚುವವನಲ್ಲ. ನಾಡಿ ಹಿಡಿಯುವ ಪಂಡಿತನ ಹಾಗೆ ಎಂಜಿನ್ನಿನ ಮೈಮೇಲೆ ಅಂಗೈಯಿಟ್ಟು ಬಹಳ ಹೊತ್ತು ಸುಮ್ಮನೆ ನಿಂತ.

"ನಿಂತಿರೋ ಎಂಜಿನ್ ಮೇಲೆ ಕೈಯಿಟ್ರೆ ಏನ್ ಗೊತ್ತಾಯ್ತದಣ್ಣ?" ಮರುಳಪ್ಪ ಕೇಳಿದ.

"ನಿಂತೈತೆ ಅಂತ ಗೊತ್ತಾಯ್ತದೆ," ಎಂದ ಕೆಂಚಯ್ಯ ಗಂಭೀರವಾಗಿ. ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಹಾಕಿ ಮೂಸಿದ. "ಎಣ್ಣೆ ಕೆಟ್ಟಿಲ್ಲ." ಮುಚ್ಚಳ ಬಿಗಿದ. ಬೆಲ್ಟು ಜಗ್ಗಿ ನೋಡಿ, "ಇದೇನ್ ಬೆಲ್ಟೋ, ನೇಣು ಹಗ್ಗಾನೋ? ಎಂಜಿನ್ ಉಸ್ರು ಕಟ್ತೈತೆ ಕಣಪ್ಪ," ಎಂದು ಎರಡು ಬೆರಳು ಸಡಿಲ ಮಾಡಿದ. "ಎಳಿ."

ಡುಗುಡುಗು ಎಂದಿತು.

ಅಷ್ಟರಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಗಿಡ್ಡಯ್ಯ ಬಂದ. "ನೋಡ್ದಾ? ಬೆಳಗಿದ ಪ್ಲಗ್ಗು ಈಗ ಹಿಡೀತು."

"ನಿನ್ ಪ್ಲಗ್ಗು ಹಿಡಿದಿದ್ದು ಆಗ್ಲೇ ನಿಂತೋಯ್ತು. ಇದು ಬೆಲ್ಟಿಂದ ಓಡ್ತಿರೋದು," ಎಂದ ಕೆಂಚಯ್ಯ.

"ಬೆಲ್ಟು ಎಂಜಿನ್ನ ಓಡಿಸ್ತದಾ? ಎಂಜಿನ್ ಬೆಲ್ಟನ್ನ ಓಡಿಸ್ತದಾ? ಗಿರಣೀಲಿ ಇದ್ಕೊಂಡು ಇಷ್ಟೂ ತಿಳ್ಕಂಡಿಲ್ವಾ?"

"ಹಿರಿಯೂರ್ ತನ್ಕ ಹೋದೋರಿಗೆ ಎಲ್ಲಾ ತಿಳ್ದಿರ್ತದೆ ಬುಡು."

ಎಂಜಿನ್ನು ಕೆಮ್ಮಿತು. ಇಬ್ಬರೂ ಮಾತು ನಿಲ್ಲಿಸಿ ನೋಡಿದರು. ಇನ್ನೊಂದು ಸಲ ಕೆಮ್ಮಿ, ಬಿಕ್ಕಿ, ನಿಂತಿತು.

"ಬೆಲ್ಟು ಸಡಿಲ ಆಯ್ತು," ಎಂದ ಗಿಡ್ಡಯ್ಯ.

"ಪ್ಲಗ್ಗು ಸವೆದೋಯ್ತು," ಎಂದ ಕೆಂಚಯ್ಯ.

ಹೊತ್ತು ಹನ್ನೊಂದಾಗಿತ್ತು. ಮರುಳಪ್ಪನ ಕಣ್ಣ ಮುಂದೆ ನಾಲ್ಕು ಗಂಟೆಯ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದು ಕಾಣತೊಡಗಿತು. ಅದರ ಹಿಂದಿನ ಕಿಟಕಿಯಲ್ಲಿ ಒಂದು ಹಸಿರು ಸೀರೆಯ ಸೆರಗು. ಆಮೇಲೆ ಇಡೀ ಜೀವಮಾನ ಅವನದೇ ಕೈಯ ಮುದ್ದೆ.

ಆಗ ಬಂದವಳು ಓಬಮ್ಮ. ಊರಿನಲ್ಲಿ ಹಾಲು ಕೊಡದ ಎಮ್ಮೆ, ಹೀಚು ಉದುರುವ ತೆಂಗು, ಊಟ ಬಿಟ್ಟ ಕೂಸು, ಎಲ್ಲಕ್ಕೂ ದೃಷ್ಟಿ ತೆಗೆಯುವ ಮುದುಕಿ. ಸೆರಗಿನಲ್ಲಿ ಮೆಣಸಿನಕಾಯಿ, ಉಪ್ಪು ಇಟ್ಟುಕೊಂಡೇ ಬಂದಿದ್ದಳು.

"ಹಗಲೂ ರಾತ್ರಿ ಊರೆಲ್ಲ ಬಂದು ಬಂದು ಕಣ್ ಹಾಕುದ್ರೆ ಕಬ್ಬಿಣ ಆದ್ರೂ ಎಷ್ಟು ತಡೀತದೆ ಮಗಾ? ತತ್ತಾ ಒಂದ್ ಕಾಯಿ."

ಮರುಳಪ್ಪ ತೋಟದಿಂದ ಒಂದು ಕಾಯಿ ತಂದು, ಸುಲಿದು, ಜುಟ್ಟು ಕಿತ್ತು, ದೋಣಿಯ ಮೇಲಿಟ್ಟ. ಬಿಸಿಲು ಏರಿತ್ತು. ಬೆಳಗಿನಿಂದ ಮಾತಾಡಿ ಮಾತಾಡಿ ಗಿಡ್ಡಯ್ಯನ ಗಂಟಲು ಒಣಗಿತ್ತು. ಓಬಮ್ಮ ಎಂಜಿನ್ನಿಗೆ ಮೆಣಸಿನಕಾಯಿ ನಿವಾಳಿಸುತ್ತಿದ್ದಾಗ, ಮಿಕ್ಕವರು ಅದನ್ನೇ ನೋಡುತ್ತಿದ್ದಾಗ, ಗಿಡ್ಡಯ್ಯ ಬೆನ್ನು ತಿರುಗಿಸಿ, ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಕಣ್ಣಿಗೆ ಮೊಳೆ ತೂರಿಸಿ, ತಲೆಯೆತ್ತಿ ಗಟಗಟ ಕುಡಿದು, ಮತ್ತೆ ಇದ್ದಲ್ಲೇ ಇಟ್ಟ.

ಓಬಮ್ಮ ಕಾಯಿಯನ್ನು ಮೂರು ಸುತ್ತು ಸುತ್ತಿ ಕಲ್ಲಿಗೆ ಒಡೆದಳು. ಎರಡು ಹೋಳಾಯಿತು. ಒಂದು ತೊಟ್ಟು ನೀರಿಲ್ಲ.

"ಶಿವನೇ," ಎಂದಳು ಓಬಮ್ಮ. "ನಾ ಹುಟ್ಟಿದಾಗಿಂದ ಇಂಥ ದೃಷ್ಟಿ ಕಂಡಿಲ್ಲ. ಕಾಯಿ ನೀರನ್ನೂ ಹೀರ್ಕಂಡು ಬುಟ್ಟೈತಲ್ಲಪ್ಪ!"

"ಬರಗಾಲದ ಕಾಯಿ ಇರ್ಬೇಕು," ಎಂದ ಗಿಡ್ಡಯ್ಯ ಮೀಸೆ ಒರೆಸಿಕೊಳ್ಳುತ್ತಾ.

"ಕೆರೆ ಕೋಡಿ ಬಿದ್ದಿರೋ ವರ್ಷ ಎಲ್ಲಿಯ ಬರಗಾಲ?" ಎಂದು ಕೆಂಚಯ್ಯ ಅವನ ಮೀಸೆಯನ್ನೇ ನೋಡಿದ.

"ಸುಮ್ಕಿರ್ರೋ! ಆ ಮುಚ್ಚಳ ತೆಗಿ ಮಗಾ, ಹೊಟ್ಟೆ ಒಳಗಿರೋ ಕೆಟ್ಟ ಗಾಳಿ ಆಚೀಗೆ ಹೋಗ್ಲಿ," ಎಂದಳು ಓಬಮ್ಮ. ಮರುಳಪ್ಪ ತೆಗೆದ. ಅವಳು ಒಳಗೆ ಒಂದು ಸಲ ಉಫ್ ಎಂದು ಊದಿ, ಮುಚ್ಚಿಸಿ, ಅದರ ಮೇಲಿದ್ದ ಹಳೆಯ ವಿಭೂತಿಯ ಮೇಲೆ ಇನ್ನೊಂದು ಪದರ ಹೊಸದಾಗಿ ಮೆತ್ತಿದಳು. ಹಗ್ಗ ಎಳೆದದ್ದೇ ತಡ, ಎಂಜಿನ್ನು ಎದ್ದಿತು.

ಈಗ ಎಂಜಿನ್ನು ಓಡಿಸಿದವರು ಮೂರು ಜನ. ಒಬ್ಬೊಬ್ಬರೂ ಮಿಕ್ಕಿಬ್ಬರನ್ನು ಕನಿಕರದಿಂದ ನೋಡುತ್ತಾ ನಿಂತರು. ಆ ಕನಿಕರ ಹತ್ತು ನಿಮಿಷ ಬಾಳಿತು.

ಎಂಜಿನ್ನು ನಿಂತೊಡನೆ ಮೂವರೂ ಒಟ್ಟಿಗೇ ಮುಚ್ಚಳಕ್ಕೆ ಕೈ ಹಾಕಿದರು.

"ಎಣ್ಣೆ ನೋಡ್ಬೇಕು, ಬುಡ್ರಿ."

"ಮೂಸಿ ನೋಡ್ಬೇಕು, ಬುಡೋ."

"ಗಾಳಿ ಬುಡಿಸ್ಬೇಕು, ಬುಡ್ರೋ ಮೂದೇವಿಗಳಾ!"

ಆರು ಕೈ, ಒಂದು ಮುಚ್ಚಳ. ಅದು ಬಿಚ್ಚಿಕೊಂಡು, ಮೀನಿನ ಹಾಗೆ ಒಮ್ಮೆ ಮೇಲಕ್ಕೆ ನೆಗೆದು, ಬಿಸಿಲಿಗೆ ಮಿಂಚಿ, ಬುಳುಕ್ ಎಂದು ಕೆರೆಗೆ ಬಿತ್ತು.

ನೀರಿನ ಮೇಲೆ ಉಂಗುರಗಳು ದೊಡ್ಡದಾಗುತ್ತಾ ಹೋದವು. ಮರುಳಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ತೆರೆದ ಟ್ಯಾಂಕು ಇಟ್ಟುಕೊಂಡು ಹೋದರೆ ಅಲೆಯ ನೀರು ಎಣ್ಣೆಗೆ ಹಾರುತ್ತದೆ. ಗಂಟೆ ಒಂದಾಗುತ್ತಿತ್ತು.

ಓಬಮ್ಮನಿಗೇ ಪಾಪ ಎನ್ನಿಸಿತು. ಒಡೆದ ಕಾಯಿಯ ಕಣ್ಣಿರುವ ಹೋಳನ್ನು ಎತ್ತಿಕೊಂಡು ನೋಡಿದಳು. ಅದರ ತಿರುಳನ್ನು ಗಿಡ್ಡಯ್ಯ ಆಗಲೇ ಬಾಚಿ ತಿಂದಿದ್ದ. "ಇದ್ನೇ ಬೋರಲು ಹಾಕು ಮಗಾ. ಅಳತೆ ಮಾಡ್ದಂಗೈತೆ."

ಮರುಳಪ್ಪ ಚಿಪ್ಪನ್ನು ಟ್ಯಾಂಕಿನ ಬಾಯಿಗೆ ಬೋರಲು ಹಾಕಿ, ಸುತ್ತ ಕೆರೆಯ ಜೇಡಿಮಣ್ಣು ಮೆತ್ತಿ, ನಾರಿನ ಹುರಿಯಲ್ಲಿ ಬಿಗಿದ. ಆಮೇಲೆ ಮೂವರಿಗೂ ಕೈಮುಗಿದ. "ನಿಮ್ ಕಾಲಿಗೆ ಬೀಳ್ತೀನಿ, ಇಳೀರಿ. ಏನಾದ್ರೂ ಆಗ್ಲಿ, ನಾನೊಬ್ನೇ ಹೋಗ್ತೀನಿ."

ದೋಣಿ ಹೊರಟಿತು. ಅವನ ಹತ್ತಿರ ಗಡಿಯಾರವಿಲ್ಲ, ಆದರೆ ಹತ್ತು ನಿಮಿಷ ಎಷ್ಟುದ್ದ ಎಂಬುದು ಇಷ್ಟರಲ್ಲಿ ಅವನ ಹೊಟ್ಟೆಗೇ ಗೊತ್ತಾಗಿಬಿಟ್ಟಿತ್ತು. ಜಾಲಿಮರ ಹತ್ತಿರವಾಯಿತು. ನಾಲ್ಕು ಮಾರು. ಅವನು ಕಣ್ಣು ಮುಚ್ಚಿಕೊಂಡು ಕೆಮ್ಮಿಗಾಗಿ ಕಾದ.

ಕೆಮ್ಮು ಬರಲಿಲ್ಲ. ಕಣ್ಣು ತೆರೆದರೆ ಜಾಲಿಮರ ಹಿಂದಕ್ಕೆ ಹೋಗುತ್ತಿತ್ತು. ಅದರ ಮೇಲೆ ಕುಳಿತಿದ್ದ ನೀರುಕಾಗೆ ಕೂಡ ಕತ್ತು ಚಾಚಿ ಆಶ್ಚರ್ಯದಿಂದ ನೋಡಿತು.

ಮರುಳಪ್ಪ ಎಂಜಿನ್ನಿನ ಹತ್ತಿರ ಬಂದು ಅದರ ಸುತ್ತ ಕಣ್ಣಾಡಿಸಿದ. ಅದೇ ಪ್ಲಗ್ಗು, ಅದೇ ಬೆಲ್ಟು, ಅದೇ ಎಣ್ಣೆ. ಹೊಸದೆಂದರೆ ಚಿಪ್ಪು ಒಂದೇ. ಅದನ್ನು ಸವರುವಾಗ ಗಿಡ್ಡಯ್ಯ ಮೊಳೆ ಹೊಡೆದಿದ್ದ ಕಣ್ಣಿನ ಮೇಲೆ ಬೆರಳು ಹೋಯಿತು. ಎಳೆ ಕೂಸು ಚೀಪಿದ ಹಾಗೆ ಆ ತೂತು ಬೆರಳನ್ನು ಮೆಲ್ಲಗೆ ಒಳಕ್ಕೆ ಎಳೆಯಿತು. ಬೆರಳನ್ನು ಅಲ್ಲೇ ಒತ್ತಿ ಹಿಡಿದ. ಬಹಳ ಹೊತ್ತು ಹಿಡಿದ. ಎಂಜಿನ್ನು ಕೆಮ್ಮಿತು. ಗಾಬರಿಯಾಗಿ ಬೆರಳು ತೆಗೆದ. ಎಂಜಿನ್ನು ಉಸ್ಸೆಂದು ಉಸಿರೆಳೆದುಕೊಂಡು ಮತ್ತೆ ಡುಗುಡುಗು ಎಂದಿತು.

ಅವನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಎಣ್ಣೆ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಗಾಳಿ ಒಳಗೆ ಬರಬೇಕು. ಹಿತ್ತಾಳೆ ಮುಚ್ಚಳದ ನಡುವೆ ಅದಕ್ಕೆಂದೇ ಸೂಜಿಮೊನೆಯಷ್ಟು ತೂತಿತ್ತು. ಅದು ಮುಚ್ಚಿಹೋಗಿತ್ತು. ಪ್ರತಿಯೊಬ್ಬ ಪಂಡಿತನೂ ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗುತ್ತಿತ್ತು. ಆ ಗಾಳಿ ಹತ್ತು ನಿಮಿಷಕ್ಕೆ ಸಾಕಾಗುತ್ತಿತ್ತು. ಪ್ಲಗ್ಗೂ ಇಲ್ಲ, ಬೆಲ್ಟೂ ಇಲ್ಲ!

ಮರುಳಪ್ಪ ಕೆರೆಯ ನಡುವೆ ಒಬ್ಬನೇ ಗಹಗಹಿಸಿ ನಕ್ಕ. ಆಮೇಲೆ, ತೂತು ಮುಚ್ಚಿದ್ದು ಏನು ಎಂದು ಯೋಚಿಸಿದ. ವಿಭೂತಿ. ಬಳಿದವರು ಯಾರು ಎಂದು ಯೋಚಿಸಿದ.

ನಗು ನಿಂತಿತು. ಈ ವಿಷಯವನ್ನು ಸಾಯುವವರೆಗೆ ಬಾಯಿಬಿಡಬಾರದು ಎಂದು ಅಲ್ಲೇ ತೀರ್ಮಾನ ಮಾಡಿದ.

ಎರಡು ಗಂಟೆಯ ಬಸ್ಸು ಎರಡೂವರೆಗೆ ಬಂತು. ಹಸಿರು ಸೀರೆಯ ಶಿವರುದ್ರಮ್ಮ ಒಂದು ಚೀಲ, ಒಂದು ದೊಡ್ಡ ತಗಡಿನ ಡಬ್ಬಿ ಹಿಡಿದು ಇಳಿದಳು. ಹಿಂದೆ ಬಸವರಾಜು, ಅಂಗಿಯ ತೋಳು ಮೇಲಕ್ಕೆ ಮಡಿಸಿ, ಗಡಿಯಾರ ಎಲ್ಲರಿಗೂ ಕಾಣುವಂತೆ ಮಾಡಿಕೊಂಡಿದ್ದ.

"ಭಾವ, ನನ್ ಮೇಲೆ ಬೇಜಾರ್ ಮಾಡ್ಕಬೇಡಿ. ಅಕ್ಕ ನೋಡ್ಕೊ ಅಂದವ್ಳೆ, ನೋಡ್ತೀನಿ ಅಷ್ಟೆ."

"ನೋಡ್ಕಳಪ್ಪ. ಕಣ್ತುಂಬಾ ನೋಡ್ಕೊ," ಎಂದ ಮರುಳಪ್ಪ. ಅಷ್ಟು ಧೈರ್ಯ ಅವನ ದನಿಯಲ್ಲಿ ಬಂದದ್ದು ಅವತ್ತೇ.

ಶಿವರುದ್ರಮ್ಮ ಗಂಡನ ಮುಖ ನೋಡಲಿಲ್ಲ. ದೋಣಿ ಹತ್ತಿ, ಎಂಜಿನ್ನಿನ ಪಕ್ಕದಲ್ಲಿ ಡಬ್ಬಿ ತಬ್ಬಿಕೊಂಡು ಕುಳಿತಳು. ಮರುಳಪ್ಪ ಹಿಂದೆ ನಿಂತು ಚುಕ್ಕಾಣಿ ಹಿಡಿದ. ದೋಣಿ ಸರಾಗವಾಗಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವಳು ನೀರಿಗೆ ಹೇಳುವಂತೆ ಹೇಳಿದಳು.

"ಸೊರಗಿ ಹೋಗಿದೀರಿ."

"ಇಲ್ವಲ್ಲ. ಚೆನ್ನಾಗೇ ಇವ್ನಿ."

"ಏನ್ ಚೆನ್ನಾಗಿರೋದು? ಪಂಚೆ ಎರಡು ಸುತ್ತು ಜಾಸ್ತಿ ಸುತ್ಕಂಡಿದೀರಿ. ಮುದ್ದೆ ಕಟ್ಟೋಕೆ ಬಂತಾ?"

"ನಾಯಿಗೆ ಹಿಡಿಸ್ಲಿಲ್ಲ."

ಶಿವರುದ್ರಮ್ಮ ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮರುಳಪ್ಪನಿಗೆ ಕೆರೆಯೆಲ್ಲ ಹಾಲಾದಂತೆ ಕಂಡಿತು. ಆಗ ಅವಳ ಕಣ್ಣು ಎಂಜಿನ್ನಿನ ಕಡೆ ತಿರುಗಿತು.

"ಅಯ್ಯಯ್ಯೋ, ಇದೇನ್ರೀ? ಎಂಜಿನ್ ತಲೆ ಮೇಲೆ ಚಿಪ್ಪು ಕವುಚಿದೀರಿ! ಮುಚ್ಚಳ ಎಲ್ಲಿ?"

"ಕೆರೆಗ್ ಬಿತ್ತು."

"ಪೂಜೆ ಮಾಡಿದ್ ಮುಚ್ಚಳಾನಾ? ಬೋಳು ಹಣೇಲಿ ಓಡಿಸ್ತಿದೀರಲ್ರೀ! ಇದ್ಕೇ ಇದು ನಿಂತ್ ನಿಂತ್ ಹೋಗ್ತಿದ್ದದ್ದು." ಅವಳು ಡಬ್ಬಿ ತೆರೆದಳು. ಒಳಗೆ ಬೆಳ್ಳಗೆ, ಸಾಲು ಸಾಲಾಗಿ ವಿಭೂತಿ ಗಟ್ಟಿಗಳು. "ಮಠದ ಸ್ವಾಮಿ ಬುದ್ಧಿಯೋರ ಹತ್ರ ಹೇಳ್ಕಂಡು ಕಣ್ಣೀರ್ ಹಾಕ್ದೆ. ನಮ್ಮನೆ ದೋಣಿ ನಿಲ್ತೈತೆ, ಮನೇನೇ ಒಡ್ದೋಗೋ ಹಂಗಾಗೈತೆ ಅಂತ. ವರ್ಷಕ್ಕಾಗೋ ಅಷ್ಟು ಕೊಟ್ಟವ್ರೆ."

ಗಟ್ಟಿಯನ್ನು ಕೆರೆಯ ನೀರಿನಲ್ಲಿ ಅದ್ದಿದಳು.

"ಬ್ಯಾಡ ಕಣೇ!" ಎಂದು ಮರುಳಪ್ಪ ಕಿರುಚಿದ.

"ಯಾಕೆ?"

ಯಾಕೆ ಎಂಬುದನ್ನು ಅವನು ಹೇಳಬಹುದಿತ್ತು. ಮಠದ ವಿಭೂತಿಯಿಂದ ಎಂಜಿನ್ನು ನಿಲ್ಲುತ್ತದೆ ಎಂದು ಹೇಳಬಹುದಿತ್ತು. ನಾಮಕರಣ ತಪ್ಪಿಸಿದ್ದು ನೀನೇ, ಹದಿನೆಂಟು ದಿನ ತವರಿನಲ್ಲಿ ಕುಳಿತದ್ದು ನಿನ್ನ ತಪ್ಪಿಗೇ ಎಂದೂ ಹೇಳಬಹುದಿತ್ತು. ಹೇಳಿದ ಮೇಲೆ ಈಜಿ ದಡ ಸೇರುವುದಕ್ಕೆ ಅವನಿಗೆ ಈಜು ಬರುತ್ತಿರಲಿಲ್ಲ.

"ಬಿಸಿ ಐತೆ. ಕೈ ಸುಟ್ಟೀತು."

"ಚಿಪ್ಪು ಸುಡ್ತದಾ?" ಅವಳು ಬೋರಲು ಚಿಪ್ಪಿನ ಮೇಲೆ ಮೂರು ಎಳೆ ಎಳೆದಳು. ಆಮೇಲೆ ಅದರ ಮೂರು ಕಣ್ಣುಗಳನ್ನು ಕಂಡು, ಮುಕ್ಕಣ್ಣನನ್ನೇ ಕಂಡ ಹಾಗೆ ಅವಳ ಮುಖ ಅರಳಿತು. ಒಂದೊಂದು ಕಣ್ಣಿಗೂ ಹಸಿ ವಿಭೂತಿ ಒತ್ತಿದಳು. ಒಂದು ಕಣ್ಣಿನಲ್ಲಿ ತೂತು ಕಂಡಿತು. ಅದಕ್ಕೆ ಸ್ವಲ್ಪ ಹೆಚ್ಚಾಗಿಯೇ ತುಂಬಿದಳು.

ಮರುಳಪ್ಪ ಎಣಿಸತೊಡಗಿದ. ದಡ ಇನ್ನೂ ಇಪ್ಪತ್ತು ನಿಮಿಷ ದೂರ. ಎಂಜಿನ್ನಿಗಿದ್ದದ್ದು ಹತ್ತು. ಅವಳನ್ನು ಪಕ್ಕಕ್ಕೆ ಸರಿಸಿ ಚಿಪ್ಪು ಮುಟ್ಟೋಣವೆಂದರೆ ಅವಳು ಅದರ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ ಕುಳಿತಿದ್ದಳು. ಜಾಲಿಮರ ಬಂತು. ನೀರುಕಾಗೆ ಎದ್ದು ಹಾರಿಹೋಯಿತು, ಅದಕ್ಕೆ ಮೊದಲೇ ಗೊತ್ತಾದ ಹಾಗೆ.

ಎರಡು ಕೆಮ್ಮು. ಒಂದು ಬಿಕ್ಕಳಿಕೆ. ಕೆರೆಯೆಲ್ಲ ನಿಶ್ಶಬ್ದ.

ನೀರಿನ ಮೇಲೆ ಮಾತು ಬಹಳ ದೂರ ಹೋಗುತ್ತದೆ. ಈಚೆ ದಡದಿಂದ ಮೂರು ದನಿ ಕೇಳಿಸಿದವು: "ಪ್ಲಗ್ಗು!" "ಬೆಲ್ಟು!" "ದೃಷ್ಟಿ!" ಆಚೆ ದಡದಿಂದ ಬಸವರಾಜು, "ಅಕ್ಕಾ! ನಿಂತೋಯ್ತಾ?" ಎಂದು ಕೂಗಿದ. ಗಡಿಯಾರದ ಗಾಜು ಬಿಸಿಲಿಗೆ ಮಿನುಗಿತು.

'ನಿನ್ನ ವಿಭೂತಿ ಕಣೇ' ಎಂಬ ಮೂರು ಮಾತು ಮರುಳಪ್ಪನ ನಾಲಿಗೆಯ ತುದಿಗೆ ಬಂದು ಕುಳಿತವು. ಹೆಂಡತಿಯ ಕಡೆ ನೋಡಿದ. ಶಿವರುದ್ರಮ್ಮ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಳು. ತುಟಿ ಅಲುಗುತ್ತಿತ್ತು. "ಓಡಪ್ಪ, ಓಡು, ನಮ್ಮಪ್ಪ ಅಲ್ವಾ, ಮನೆ ಮುಟ್ಟಿಸ್ಬಿಡು," ಎನ್ನುತ್ತಿದ್ದಳು.

ಮರುಳಪ್ಪ ಮೂರು ಮಾತನ್ನೂ ನುಂಗಿಕೊಂಡ.

"ನಂದೇ ತಪ್ಪು ಕಣೇ," ಎಂದ. "ಎಂಜಿನ್ ವಿದ್ಯೆ ನಂಗ್ ಹತ್ತಲ್ಲ. ಅವತ್ತು ನಿನ್ನ ಬಿಸಿಲಲ್ಲಿ ಕೂರ್ಸಿದ್ದೂ ತಪ್ಪು. ಹೋಳಿಗೆ ತಿಂದಿದ್ದೂ ತಪ್ಪು."

ಅವಳು ಕಣ್ಣು ಬಿಟ್ಟಳು. "ಎಷ್ಟ್ ತಿಂದ್ರಿ?"

"ಒಂಬತ್ತು."

"ರೀ."

"ಹನ್ನೊಂದು."

ಶಿವರುದ್ರಮ್ಮ ಅವನನ್ನೇ ನೋಡಿದಳು. ಮದುವೆಯಾಗಿ ಹದಿನಾರು ವರ್ಷ. ಈ ಗಂಡಸು ಸಾರಿಗೆ ಉಪ್ಪು ಎರಡು ಸಲ ಹಾಕಿದಾಗಲೂ ತಪ್ಪು ಒಪ್ಪಿಕೊಂಡವನಲ್ಲ. ಅವಳು ಧಡಕ್ಕನೆ ಎದ್ದು ನಿಂತಳು. ದೋಣಿ ಒಂದು ಕಡೆ ವಾಲಿತು. ಎರಡೂ ಕೈ ಬಾಯಿಗೆ ಹಿಡಿದು ಆಚೆ ದಡಕ್ಕೆ ಕೇಳುವಂತೆ ಕೂಗಿದಳು.

"ಲೇ ಬಸ್ರಾಜೂ! ತಾನಾಗ್ ತಾನೇ ನಿಂತಿಲ್ಲ ಕಣೋ! ನಾನೇ ನಿಲ್ಸಿದ್ದು! ವಿಭೂತಿ ಇಟ್ಟು ನಾನೇ ನಿಲ್ಸಿದ್ದು! ನೀನು ಬಸ್ ಹತ್ತು, ಹೋಗು!"

ಶಿವರುದ್ರಮ್ಮ ತಮ್ಮನಿಗೆ ಹೇಳಿದ ಮೊದಲ ಸುಳ್ಳು ಅದು. ಆ ಎಂಜಿನ್ನಿನ ವಿಷಯದಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಕರಾರುವಾಕ್ಕಾಗಿ ನಿಜ ಹೇಳಿರಲಿಲ್ಲ. ಮರುಳಪ್ಪನ ಬಾಯಿ ತೆರೆದದ್ದು ಹಾಗೇ ಇತ್ತು.

"ಏನ್ ಹಂಗ್ ನೋಡ್ತೀರಿ? ಎಳೀರಿ ಹಗ್ಗಾನ."

ಅವನು ಎಣ್ಣೆ ನೋಡುವ ನೆಪದಲ್ಲಿ ಚಿಪ್ಪನ್ನು ಒಂದಿಷ್ಟು ಎತ್ತಿ, ಒಳಗೆ ಗಾಳಿ ಬಿಟ್ಟು, ಮುಚ್ಚಿ, ಹಗ್ಗ ಎಳೆದ. ಡುಗುಡುಗು.

"ನೋಡಿದ್ರಾ!" ಶಿವರುದ್ರಮ್ಮ ಕೈ ತಟ್ಟಿದಳು. "ಮಠದ ವಿಭೂತಿ ಅಂದ್ರೆ ಹೆಂಗೆ! ಇಷ್ಟ್ ದಿನ ಇಡೋರಿಲ್ದೇ ನಿಲ್ತಿತ್ತು ಪಾಪ. ಇನ್ಮೇಲೆ ದಿನಾ ನಾನೇ ಇಡ್ತೀನಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹೆಂಗ್ ನಿಲ್ತದೋ ನೋಡೇಬಿಡ್ತೀನಿ." ಎತ್ತಿದ್ದರಿಂದ ಬಿರುಕು ಬಿಟ್ಟಿದ್ದ ಜೇಡಿಮಣ್ಣನ್ನು ಕಂಡು, ಅದನ್ನೂ ಹೆಬ್ಬೆರಳಿನಿಂದ ಸುತ್ತಲೂ ಅಚ್ಚುಕಟ್ಟಾಗಿ ಒತ್ತಿದಳು.

ದಡ ಇನ್ನು ನಾಲ್ಕು ಮಾರು ಇರುವಾಗ ಎಂಜಿನ್ನು ನಿಂತಿತು. ದಡದ ಹತ್ತಿರ ಹೇಗೂ ನಿಲ್ಲಿಸಲೇಬೇಕಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗಿಡ್ಡಯ್ಯ, ಕೆಂಚಯ್ಯ, ಓಬಮ್ಮ ಮೂವರೂ ಮುಂದೆ ಬಂದು, ಓಡಿದ್ದು ತಮ್ಮಿಂದ ಎಂದು ಎದೆಯುಬ್ಬಿಸಿ ನಿಂತರು. ಶಿವರುದ್ರಮ್ಮ ಮೂವರಿಗೂ ಒಂದೊಂದು ಗಟ್ಟಿ ವಿಭೂತಿ ಕೊಟ್ಟು, "ಇಟ್ಕಳಿ, ನಾನಿಲ್ದಾಗ ಎಂಜಿನ್ನಿಗೆ ಇಡಿ," ಎಂದಳು.

ಆ ಸಂಜೆ ಮನೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು. ನಾಯಿ ಪಕ್ಕದ ಮನೆಯಿಂದ ವಾಪಸು ಬಂದು ಬಾಗಿಲಲ್ಲಿ ಮಲಗಿತ್ತು. ಊಟಕ್ಕೆ ಕೂರುವ ಮೊದಲು ಮರುಳಪ್ಪ ಮೂಲೆಯಲ್ಲಿದ್ದ ತೆಂಗಿನ ಪೊರಕೆಯಿಂದ ಗಟ್ಟಿಯಾದ ಒಂದು ಕಡ್ಡಿ ಕಿತ್ತು, ಮೊನೆ ನೋಡಿ, ಕಿವಿಗೆ ಸಿಕ್ಕಿಸಿಕೊಂಡಿದ್ದ. ತೂತು ಬಿಡಿಸಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ಶಿವರುದ್ರಮ್ಮ ಮುದ್ದೆ ಬಡಿಸಲು ಬಗ್ಗಿದವಳು ಅದನ್ನು ಕಂಡಳು. "ಥೂ, ಪೊರಕೆ ಕಡ್ಡಿ ತಲೇಲಿ ಇಟ್ಕತಾರಾ ಯಾರಾದ್ರೂ? ದರಿದ್ರ!" ಎಂದು ಕಿತ್ತು ಒಲೆಗೆ ಹಾಕಿದಳು.

ಮರುಳಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡು, ಒಮ್ಮೆ ಗೂಡಿನಲ್ಲಿದ್ದ ವಿಭೂತಿ ಡಬ್ಬಿಯ ಕಡೆ ನೋಡಿದ, ಒಮ್ಮೆ ಮೂಲೆಯ ಪೊರಕೆಯ ಕಡೆ ನೋಡಿದ. ವರ್ಷಕ್ಕಾಗುವಷ್ಟು ಕಡ್ಡಿ ಅದರಲ್ಲಿ ಇದ್ದ ಹಾಗೆ ಕಾಣಲಿಲ್ಲ.